ನಲವತ್ತು ಮನೆಗೆ ಒಂದೇ ಆಲ

ಮನೆತನಗಳಿಗೆ ಮರ ಹಂಚುವುದು ನನ್ನ ಉದ್ಯೋಗವಾಗಿತ್ತು. ಇಪ್ಪತ್ತೇಳು ವರ್ಷ ಹಂಚಿದೆ. ಬೀಜ ಹಾಕಿದವನಲ್ಲ, ನೀರು ಹೊಯ್ದವನಲ್ಲ, ಗುದ್ದಲಿ ಮುಟ್ಟಿದವನಂತೂ ಅಲ್ಲವೇ ಅಲ್ಲ. ಅಮೆರಿಕದ ಫ್ರೀಮಾಂಟ್ ಊರಿನ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಯಾವ ವಂಶಕ್ಕೆ ಯಾವ ಮರ ಎಂದು ತೀರ್ಮಾನ ಮಾಡುತ್ತಿದ್ದೆ. ಹಣೆಬರಹ ಬರೆಯುವುದು ಬ್ರಹ್ಮನ ಕೆಲಸ. ಅದರ ಮೇಲೊಂದು ಮರ ಬಿಡಿಸುವುದು ನನ್ನದು. ವ್ಯತ್ಯಾಸ ಇಷ್ಟೇ: ಬ್ರಹ್ಮ ಬರೆದದ್ದು ಹಿಡಿಸದಿದ್ದರೆ ಜನ ಸಹಿಸಿಕೊಳ್ಳುತ್ತಾರೆ, ನನ್ನದಾದರೆ ವಾಪಸು ತರುತ್ತಿದ್ದರು.

ಈ ಕಸುಬಿಗೆ ಇನ್ನೂ ಹೊಸಬರು ಬರುತ್ತಿದ್ದಾರೆಂದು ಕೇಳಿದೆ. ಅವರ ಧೈರ್ಯಕ್ಕೆ ತಲೆಬಾಗಿ ನಾಲ್ಕು ಮಾತು ಬರೆದಿಡುತ್ತಿದ್ದೇನೆ. ನಾನು ಯಾವಾಗ ಹಿರಿಯ ಕಲಾವಿದನಾದೆ, ಯಾರು ಶಾಲು ಹೊದಿಸಿದರು ಎಂಬ ವಿಷಯ ಇದರಲ್ಲಿ ಇರುವುದಿಲ್ಲ. ಯಾರೂ ಹೊದಿಸಲಿಲ್ಲ.

ಅಂಗಡಿಯಲ್ಲಿ ಟ್ರೋಫಿ, ಬಾಗಿಲ ಮೇಲಿನ ಹೆಸರಿನ ಫಲಕ, ರಬ್ಬರ್ ಸ್ಟಾಂಪು ಎಲ್ಲ ಮಾಡುತ್ತಿದ್ದೆವು. ಆದರೆ ಅದರ ಕಿರೀಟ ವಂಶಲಾಂಛನ. ಯೂರೋಪಿನ ಹಳೆಯ ಮನೆತನಗಳು ಗುರಾಣಿಯ ಮೇಲೆ ಸಿಂಹವನ್ನೋ ಹದ್ದನ್ನೋ ಮರವನ್ನೋ ಬರೆಸಿಕೊಂಡು ‘ಇದು ನಮ್ಮ ಕುಲದ ಗುರುತು’ ಎಂದು ಮೆರೆಯುತ್ತಿದ್ದವಲ್ಲ, ಅದು. ಅಂಗಡಿಯ ಭಾಷೆಯಲ್ಲಿ ಕ್ರೆಸ್ಟು. ಕ್ರೆಸ್ಟಿನ ಜೊತೆಗೆ ಬಂಗಾರದ ಮುದ್ರೆಯೊತ್ತಿದ ಒಂದು ಪತ್ರ: ಈ ವಂಶಕ್ಕೆ ಈ ಮರ ಏಕೆ, ಆ ಮರದ ಅರ್ಥವೇನು, ಆದಕಾರಣ ಈ ವಂಶಸ್ಥರ ಸದ್ಗುಣಗಳೇನು. ದುರ್ಗುಣಗಳಿಗೆ ಪತ್ರದಲ್ಲಿ ಜಾಗವಿರಲಿಲ್ಲ. ಕಾಗದದ ಅಳತೆ ಸಣ್ಣದು.

ಮಾಲೀಕರು ವಾಲ್ಟರ್ ಎಂಬ ಮಹಾಶಯರು. ಲಾಂಛನಶಾಸ್ತ್ರದಲ್ಲಿ ಅವರ ಪಾಂಡಿತ್ಯ ಒಂದು ದಪ್ಪ ಪುಸ್ತಕದ ಹೊದಿಕೆಯಷ್ಟು. ಒಳಗಿನ ಹಾಳೆಗಳು ಬಿಡಿಸದೆ ಹಾಗೇ ಅಂಟಿಕೊಂಡಿದ್ದವು. ನಾನು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅಂಗಡಿ ಬೋರ್ಡು ಬರೆದು ಕೈ ಪಳಗಿಸಿಕೊಂಡಿದ್ದವನು. ಮೊದಲನೆಯ ದಿನವೇ ಅವರು ನನಗೆ ದೀಕ್ಷೆ ಕೊಟ್ಟರು.

“ಸ್ವಾಮಿ, ಸಿಂಹದ ತಂಟೆಗೆ ಹೋಗಬೇಡ. ಸಿಂಹ ಬಿಡಿಸಿದರೆ ನಾಯಿ ಥರ ಕಾಣ್ತಿದೆ ಅಂತ ವಾಪಸು ತರ್ತಾರೆ. ಮರ ಬಿಡಿಸು.”

“ಯಾವ ಮರ?”

“ಓಕು.”

“ಎಲ್ಲರಿಗೂ?”

“ಓಕ್ ಅಂದರೆ ಗಟ್ಟಿತನ. ‘ನಮ್ಮ ಮನೆತನ ಗಟ್ಟಿ ಅಲ್ಲ’ ಅಂತ ಹೇಳಿದ ಗಿರಾಕಿಯನ್ನ ನೀನು ನೋಡಿದ್ದೀಯಾ?”

ನಾನು ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ. ನನ್ನ ಪೂರ್ತಿ ಹೆಸರು ಪುಟ್ಟಸ್ವಾಮಿ. ಅದರ ಬಾಲವನ್ನಷ್ಟೇ ಹಿಡಿದು ವಾಲ್ಟರ್ ಗಿರಾಕಿಗಳ ಮುಂದೆ ‘ನಮ್ಮ ಸ್ವಾಮಿಯೇ ನಿಮ್ಮ ಮರ ನೋಡ್ತಾರೆ’ ಎಂದು ಗಂಭೀರವಾಗಿ ಹೇಳುತ್ತಿದ್ದರು. ಜನ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ನಾನು ಕಣ್ಣು ಮುಚ್ಚಿ ಅರ್ಧ ನಿಮಿಷ ಸುಮ್ಮನಿದ್ದು, ಕಣ್ಣು ತೆರೆದು, “ಓಕ್” ಎನ್ನುತ್ತಿದ್ದೆ.

ಮೊದಲ ದೊಡ್ಡ ಪ್ರಮಾದ ಗಿಲ್‌ರಾಯ್ ಊರಿನ ಒಬ್ಬ ರೈತರದು, ಅಂದರೆ ಅವರಿಗೆ ನಾನು ಮಾಡಿದ್ದು. ಮೂರು ತಲೆಮಾರಿನಿಂದ ಬೆಳ್ಳುಳ್ಳಿ ಬೆಳೆದ ಮನೆ. ಕ್ರೆಸ್ಟಿನಲ್ಲಿ ಬೆಳ್ಳುಳ್ಳಿ ಬೇಕೇ ಬೇಕು ಎಂದರು. ವಾಲ್ಟರ್ ಒಪ್ಪಲಿಲ್ಲ. ಮರ ಇಲ್ಲದ ಕ್ರೆಸ್ಟಿಗೆ ಪತ್ರ ಬರೆಯುವುದು ಹೇಗೆ? ನಾನು ಎರಡೂ ಕಡೆಯವರ ಮಾನ ಉಳಿಸುವಂತೆ ಭವ್ಯವಾದ ಓಕ್ ಮರ ಬಿಡಿಸಿ, ಕೊಂಬೆಕೊಂಬೆಗೂ ಬೆಳ್ಳುಳ್ಳಿ ಗಡ್ಡೆಗಳನ್ನು ಮಾವಿನಕಾಯಿಯಂತೆ ಇಳಿಬಿಟ್ಟೆ. ಕಣ್ಣಿಗೆ ಚೆನ್ನಾಗಿತ್ತು. ರೈತರು ತುಂಬಾ ಹೊತ್ತು ನೋಡಿದರು.

“ನಮ್ಮ ಅಜ್ಜ, ಅಪ್ಪ, ನಾನು, ಮೂರು ಜನ ನೆಲಕ್ಕೆ ಬಗ್ಗಿ ಬಗ್ಗಿ ಸೊಂಟ ಕಳಕೊಂಡೆವು. ಇದು ಮರದಲ್ಲಿ ಬಿಡುತ್ತೆ ಅಂತ ಮೊದಲೇ ಹೇಳಬಾರದಾಗಿತ್ತಾ?”

ಹೊಸಬರೇ, ಗಿರಾಕಿಯ ಹೆಸರು ಕೇಳುವ ಮೊದಲು ಅವನ ಕೈ ನೋಡಿ. ನಾನು ಇದನ್ನು ಆವತ್ತೇ ಕಲಿತೆ. ಕಲಿತದ್ದನ್ನು ಪಾಲಿಸಿದ್ದು ಬೇರೆ ಮಾತು.

ಆಮೇಲೆ ನಮ್ಮವರು ಬರತೊಡಗಿದರು. ಮನೆ ಕೊಂಡವರು, ಮನೆಯ ಗೇಟಿಗೆ ಏನಾದರೂ ಘನವಾದದ್ದು ಬೇಕೆನ್ನುವವರು. ಇವರಿಗೆ ಓಕ್ ಬೇಡ, “ಏನಾದ್ರೂ ನಮ್ಮದು, ಟ್ರೆಡಿಷನಲ್ಲು.” ನಾನು ಉತ್ಸಾಹದಿಂದ ನಮ್ಮ ಮರಗಳ ಪಟ್ಟಿ ಮಾಡಿದೆ. ಹುಣಿಸೆ ಎಂದರೆ “ಅಯ್ಯೋ, ದೆವ್ವ” ಎಂದರು. ನುಗ್ಗೆ ಎಂದರೆ ಗಂಡ ಹೆಂಡತಿ ಪರಸ್ಪರ ನೋಡಿಕೊಂಡು ಕಿಸಕ್ಕನೆ ನಕ್ಕರು. ತೆಂಗು ಕಲ್ಪವೃಕ್ಷವೇನೋ ಹೌದು, ಆದರೆ ಕ್ರೆಸ್ಟಿನಲ್ಲಿ ಬಿಡಿಸಿದರೆ ಸಮುದ್ರ ತೀರದ ಹೋಟೆಲಿನ ಬೋರ್ಡಿನಂತೆ ಕಾಣುತ್ತದೆ. ಹಲಸು ವಾಸನೆ. ಜಾಲಿ ಮುಳ್ಳು. ಕೊನೆಗೆ ಎಲ್ಲರೂ ತಲೆಯಾಡಿಸಿದ್ದು ಆಲಕ್ಕೆ.

ಒಂದು ಮಧ್ಯಾಹ್ನ, ಡಬ್ಬಿಯ ಚಿತ್ರಾನ್ನ ಮುಗಿಯುವುದರೊಳಗೆ ಆಲದ ಪತ್ರ ಬರೆದು ಮುಗಿಸಿದೆ: ‘ಆಲವು ವಿಸ್ತಾರದ, ಆಶ್ರಯದ, ಅಖಂಡತೆಯ ಸಂಕೇತ. ಈ ವಂಶದವರು ತಾವು ಬೆಳೆದು ಅನ್ಯರಿಗೆ ನೆರಳಾಗತಕ್ಕವರು.’ ಆಲದ ನೆರಳಿನಲ್ಲಿ ಹುಲ್ಲೂ ಏಳುವುದಿಲ್ಲ ಎಂಬುದನ್ನು ಕಾಗದದ ಅಳತೆಯ ಕಾರಣದಿಂದ ಬಿಟ್ಟೆ. ನೋಡಿದವರಿಗೆ ನಂಬಿಕೆ ಬರಲೆಂದು ಮಾದರಿಗೆ ಒಂದು ಕ್ರೆಸ್ಟು ಮಾಡಿ, ನನ್ನದೇ ಮನೆತನದ ಹೆಸರು ಹಾಕಿ, ಮುದ್ರೆಯೊತ್ತಿ ಅಂಗಡಿಯ ಗೋಡೆಗೆ ನೇತುಹಾಕಿದೆ. ಅದನ್ನು ನೋಡಿದವರೆಲ್ಲ “ಇಂಥದ್ದೇ” ಎಂದರು. ಇಂಥದ್ದೇ ಕೊಟ್ಟೆ. ಸುಮಾರು ನಲವತ್ತು ಮನೆಗೆ ಕೊಟ್ಟೆ.

ಒಬ್ಬರು ಮಾತ್ರ ಈ ಪದ್ಧತಿ ಕೆಡಿಸಿದರು. ಮೈಸೂರಿನ ಕಡೆಯ ಇಸ್ಮಾಯಿಲ್ ಸಾಹೇಬರು. ಬಂದವರೇ “ಬೇವಿನ ಮರ ಸಾರ್, ಕೊಂಬೇಲಿ ಒಂದು ಛತ್ರಿ ನೇತಾಡ್ತಿರಬೇಕು” ಎಂದರು.

“ಬೇವು ಕಹಿ ಅಂತಾರಲ್ಲ ಸಾಹೇಬರೇ ಜನ.”

“ಕಹಿನೇ ಸಾರ್. ನಮ್ಮ ಅಬ್ಬಾ ಅದರ ಕೆಳಗೆ ಕೂತು ಛತ್ರಿ ರಿಪೇರಿ ಮಾಡ್ತಿದ್ರು. ಅಂಗಡಿ ಅದೇ, ಬೋರ್ಡೂ ಅದೇ.”

“ಪತ್ರದಲ್ಲಿ ಅರ್ಥ ಏನಂತ ಬರೀಲಿ?”

“ಪತ್ರ ಯಾಕೆ? ಅರ್ಥ ನಮಗೆ ಗೊತ್ತಲ್ಲ.”

ಪತ್ರವಿಲ್ಲದೆ ಹೊರಟ ಕ್ರೆಸ್ಟು ಅದೊಂದೇ. ಆವತ್ತು ಸಂಜೆಯವರೆಗೂ ನನಗೆ ಕೈ ಓಡಲಿಲ್ಲ. ಮರುದಿನ ಎಂದಿನಂತೆ ಎರಡು ಆಲ ಕೊಟ್ಟೆ.

ಪದ್ಧತಿ ಬದಲಾದದ್ದನ್ನೂ ಹೇಳಬೇಕು. ಮೊದಲು ಮರದ ಹಲಗೆ, ಎಣ್ಣೆಬಣ್ಣ, ಕುಂಚ. ಒಂದು ಆಲಕ್ಕೆ ನಾಲ್ಕು ದಿನ. ಬಿಳಲು ಎಣಿಸಿ ಎಣಿಸಿ ಕಣ್ಣು ಹೋಗುತ್ತಿತ್ತು. ಆಮೇಲೆ ಲೇಸರ್ ಯಂತ್ರ ಬಂತು, ನಾಲ್ಕು ನಿಮಿಷ. ಈಗ ಗಿರಾಕಿಯೇ ಮನೆಯಲ್ಲಿ ಕೂತು ಹೆಸರು ಟೈಪು ಮಾಡಿದರೆ ಕಂಪ್ಯೂಟರು ಮರ, ಅರ್ಥ, ಇತಿಹಾಸ ಎಲ್ಲ ಕ್ಷಣದಲ್ಲಿ ಕೊಡುತ್ತದೆಯಂತೆ. ನಾನು ಚಿತ್ರಾನ್ನ ತಿನ್ನುತ್ತಾ ಹೇಳುತ್ತಿದ್ದ ಸುಳ್ಳನ್ನು ಅದು ಊಟವಿಲ್ಲದೆ ಹೇಳುತ್ತದೆ. ಇದನ್ನು ಪ್ರಗತಿ ಎನ್ನುತ್ತಾರೆ.

ಇನ್ನು ನನ್ನ ಕೊನೆಯ ಕೇಸು. ಉಳಿದದ್ದೆಲ್ಲ ಮರೆತರೂ ಹೊಸಬರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹನ್ನೊಂದು ವರ್ಷದ ಹಿಂದೆ ವಿನಯ್ ಎಂಬ ಹುಡುಗ ಬಂದಿದ್ದ. ಇಲ್ಲೇ ಹುಟ್ಟಿದವನು, ಆಗ ಕಾಲೇಜಿನಲ್ಲಿದ್ದ. “ಅಂಕಲ್, ಅಜ್ಜಿ ಬರ್ತ್‌ಡೇಗೆ ಗಿಫ್ಟು. ಯಾವ ಟ್ರೀ ಆದ್ರೂ ಓಕೆ.” ಆಲ ಕೊಟ್ಟು ಮರೆತೆ. ನಾನು ನಿವೃತ್ತನಾಗಲು ಒಂದು ತಿಂಗಳಿರುವಾಗ ಅದೇ ವಿನಯ್, ಮೇಘನಾ ಎಂಬ ಹುಡುಗಿಯ ಜೊತೆ ಬಂದ. ಇಬ್ಬರಿಗೂ ಮದುವೆ ಗೊತ್ತಾಗಿದೆ. ಎರಡೂ ಮನೆಯ ಗುರಾಣಿ ಅಕ್ಕಪಕ್ಕ ಬರುವಂತೆ ಒಂದು ಜೋಡಿ ಕ್ರೆಸ್ಟು ಬೇಕು, ಮಂಟಪದ ಹಿಂದೆ ನಿಲ್ಲಿಸಲು. ಹಳೆಯ ಕಡತ ತೆಗೆದೆ. ಹುಡುಗನ ಮನೆ, ಆಲ. ಹುಡುಗಿಯ ಅಪ್ಪ ಹಿಂದೆಯೇ ಮಾಡಿಸಿಕೊಂಡು ಹೋಗಿದ್ದರು, ಅವರದೂ ಆಲ. ಅರ್ಧ ಕೆಲಸ ಉಳಿಯಿತೆಂದು ಸಂತೋಷಪಟ್ಟು, ಒಂದು ಆಲವನ್ನೇ ಎರಡು ಸಲ ಅಚ್ಚು ಹಾಕಿ ನಮೂನೆ ಕಳಿಸಿದೆ.

ಎರಡನೆಯ ದಿನ ಫೋನು. “ಅಂಕಲ್, ಅಜ್ಜಿ ಮ್ಯಾರೇಜು ಕ್ಯಾನ್ಸಲ್ ಅಂತಿದ್ದಾರೆ. ಏನೋ ಬೆಡಗು ಅಂತೆ. ವಾಟ್ ಈಸ್ ಬೆಡಗು?”

ಉತ್ತರ ಕರ್ನಾಟಕದ ಎಷ್ಟೋ ಮನೆತನಗಳಲ್ಲಿ ಗೋತ್ರವಿದ್ದಂತೆ ಬೆಡಗು. ಒಂದೊಂದು ಬೆಡಗಿಗೆ ಒಂದೊಂದು ಗುರುತು. ಹಲವಕ್ಕೆ ಅದು ಮರವೇ. ಆ ಬೆಡಗಿನವರು ಆ ಮರ ಕಡಿಯುವುದಿಲ್ಲ, ಅದರ ಸೌದೆ ಉರಿಸುವುದಿಲ್ಲ. ಮತ್ತು ಒಂದೇ ಬೆಡಗಿನ ಹುಡುಗ ಹುಡುಗಿ ಅಣ್ಣ ತಂಗಿ. ಅಂದರೆ ವಾಲ್ಟರ್ ಮಹಾಶಯರ ದಪ್ಪ ಪುಸ್ತಕ ಅಚ್ಚಾಗುವುದಕ್ಕೆ ಎಷ್ಟೋ ಮೊದಲೇ ನಮ್ಮವರ ಹತ್ತಿರ ನಿಜವಾದ ಲಾಂಛನಶಾಸ್ತ್ರವಿತ್ತು. ಅದರ ಮೇಲೆ ನಾನು ಚಿತ್ರಾನ್ನದ ಕೈ ಒರೆಸಿದ್ದೆ.

ವಿನಯ್ ಮನೆಗೆ ಹೋದೆ. ಮನೆಯ ಮುಂದೆಯೇ ಆಲದ ಜಾತಿಯದೇ ಒಂದು ದೊಡ್ಡ ಫೈಕಸ್ ಮರ; ಅದರ ಬೇರು ಡ್ರೈವ್‌ವೇ ಕಾಂಕ್ರೀಟನ್ನು ದೋಸೆಯಂತೆ ಎಬ್ಬಿಸಿತ್ತು. ಬುಡಕ್ಕೆ ಅರಿಶಿನ ಕುಂಕುಮ. ಬಡಾವಣೆಯ ಸಂಘದವರು ಕಡಿಯಿರೆಂದು ನೋಟೀಸು ಕೊಟ್ಟಿದ್ದರಂತೆ. ಕಡಿಯುವವರು ಬಂದ ದಿನ ಅಜ್ಜಿ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ವಿನಯ್ ನನ್ನ ಪತ್ರದ ನಕಲನ್ನು ಸಂಘಕ್ಕೆ ಕಳಿಸಿದ. ‘ಕುಲಪರಂಪರೆಯ ವೃಕ್ಷ’ವೆಂಬ ಮಾತನ್ನೂ ಬಂಗಾರದ ಮುದ್ರೆಯನ್ನೂ ನೋಡಿದ ಸಂಘ ಕ್ಷಮೆ ಕೇಳಿ ನೋಟೀಸು ಹಿಂತೆಗೆದುಕೊಂಡಿತ್ತು. ನನ್ನ ಮುದ್ರೆಯ ಪ್ರತಾಪ ನನಗೇ ಗೊತ್ತಿರಲಿಲ್ಲ.

ಅಜ್ಜಿ ಗಂಗವ್ವ, ರಾಣೆಬೆನ್ನೂರಿನ ಕಡೆಯವರು. ಗೋಡೆಯ ಮೇಲೆ ನನ್ನ ಆಲ, ಅದಕ್ಕೆ ಹೂವು.

“ಬರ್ರಿ, ನಿಮ್ಮಿಂದ ಭಾಳ ಉಪಕಾರ ಆತು,” ಎಂದರು. “ಇಲ್ಲಂದ್ರ ಅಣ್ಣ ತಂಗಿಗೆ ಅಕ್ಕಿಕಾಳು ಹಾಕಿ ಪಾಪ ಕಟ್ಟಿಕೋತಿದ್ದೆ.”

“ಅಮ್ಮ, ಆಲದ್ದೇ ನಿಮ್ಮ ಬೆಡಗು ಅಂತ ಹೇಗೆ ಹೇಳ್ತೀರಿ?”

“ನೀವ ಹುಡುಕಿ ಕೊಟ್ಟೀರಲ್ಲ?” ಎಂದು ಗೋಡೆ ತೋರಿಸಿದರು. “ಲಗ್ನದಾಗ ನಮ್ಮ ಮಾವ ಹೇಳಿದ್ರು ನಮ್ಮ ಬೆಡಗ ಇಂಥಾದ್ದು ಅಂತ. ನಾ ಸಣ್ಣಾಕಿ, ನಾಚಿ ತಲಿ ಬಗ್ಗಿಸಿ ಕುಂತಿದ್ದೆ, ಲಕ್ಷ್ಯ ಇಡಲಿಲ್ಲ. ಆಮ್ಯಾಲ ಮಾವ ಹ್ವಾದ್ರು, ಇವರೂ ಹ್ವಾದ್ರು. ಯಾರ ಮನ್ಯಾಗ ಕಾರ್ಯ ಆದ್ರೂ ‘ಗಂಗವ್ವ, ನಿಮ್ಮ ಬೆಡಗ ಯಾವುದು’ ಅಂತ ಕೇಳೋರು. ಹೇಳಾಕ ಬರಂಗಿಲ್ಲ. ಎದ್ದು ನೀರು ಕುಡ್ಯಾಕ ಹೋದಾಂಗ ಮಾಡಿ ಅಡಗಿ ಮನಿ ಸೇರತಿದ್ದೆ. ನಲವತ್ತು ವರ್ಷ ಹಂಗ ಸೇರೀನಿ.”

ವಿನಯ್ ನನ್ನ ಮುಖ ನೋಡುತ್ತಿದ್ದ. ಅವನಿಗೆ ಮಾತು ಅರ್ಧ ತಿಳಿದಿತ್ತು, ಮದುವೆ ನಿಂತಿರುವುದು ಪೂರ್ತಿ ತಿಳಿದಿತ್ತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಗಿರಾಕಿಗೆ ನಿಜ ಹೇಳಬೇಕಾಗಿ ಬಂತು. ಅಭ್ಯಾಸವಿರಲಿಲ್ಲ.

“ಗಂಗವ್ವನೋರೇ, ನಾನು ಹುಡುಕಲಿಲ್ಲ. ಸುಮ್ಮನೆ ಆಲ ಅಂತ ಇಟ್ಟೆ. ಬೇರೆ ಮನೆಗಳಿಗೂ ಇದನ್ನೇ ಕೊಟ್ಟಿದ್ದೀನಿ.”

“ಸುಳ್ಳ?”

“ಸುಳ್ಳು.”

“ಮುದ್ರಿ ಐತಲ್ಲ?”

“ಮುದ್ರೆಯೂ ನಾನೇ ಮಾಡಿದ್ದು. ಅಂಗಡಿಯ ಹಿಂದಿನ ಕೋಣೇಲಿ.”

ಅವರು ಎದ್ದು ಹೋಗಿ ಗೋಡೆಯ ಮುಂದೆ ನಿಂತರು. ತೆಗೆದು ನೆಲಕ್ಕೆ ಬಡಿಯುತ್ತಾರೆಂದುಕೊಂಡೆ. ಬಡಿದಿದ್ದರೆ ನನಗೆ ಹಗುರಾಗುತ್ತಿತ್ತು. ಸೆರಗಿನಿಂದ ಗಾಜು ಒರೆಸಿದರು. ಬೇಡದಿದ್ದರೂ ಇನ್ನೊಮ್ಮೆ ಒರೆಸಿದರು.

“ಹನ್ನೊಂದು ವರ್ಷ ಈ ಗಿಡಕ್ಕ ನೀರು ಹಾಕೀನಿ,” ಎಂದರು, ಬೆನ್ನು ತಿರುಗಿಸಿಕೊಂಡೇ. “ಕೇಳಿದವರಿಗೆ ಎದಿ ಎತ್ತಿ ಹೇಳೀನಿ. ನೀವು ಸುಳ್ಳು ಕೊಟ್ಟೀರಿ, ನಾ ಖರೇನ ತಗೊಂಡೀನಿ. ಇದು ನಂದು. ಬಿಡಂಗಿಲ್ಲ.”

“ಅಜ್ಜಿ, ದೆನ್ ಮ್ಯಾರೇಜು?” ಎಂದ ವಿನಯ್.

“ನಿನ್ನ ಮದುವಿ ನಾ ಯಾಕ ಬ್ಯಾಡ ಅನ್ನಲಿ? ಹುಡುಗಿ ಚಲೋ ಅದಾಳ. ಅವರ ಗಿಡ ಬದಲಿ ಮಾಡಸ್ರಿ. ಹಂಚಿದವರು ಇಲ್ಲೇ ಕುಂತಾರಲ್ಲ!”

ಹುಡುಗಿಯ ಅಪ್ಪ ರಮೇಶಬಾಬು, ಮಂಡ್ಯದ ಕಡೆಯವರು, ಯಾವುದೋ ಕಂಪನಿಯಲ್ಲಿ ಡೈರೆಕ್ಟರು. ಮನೆ ಗುಡ್ಡದ ಮೇಲೆ. ಗೇಟಿಗೆ ಆಲ, ಕಾಫಿ ಲೋಟಕ್ಕೆ ಆಲ, ಹಾಕಿಕೊಂಡ ಜಾಕೀಟಿನ ಎದೆಯ ಮೇಲೆ ಆಲ.

“ಆಗೋದೇ ಇಲ್ಲ ಪುಟ್ಟಸ್ವಾಮಿಯವರೇ. ಆಫೀಸಿನಲ್ಲಿ ನಾನು ಟೀಮಿಗೆ ಹೇಳೋದೇ ಇದು. ಐ ಆಮ್ ಅ ಬ್ಯಾನಿಯನ್, ನೀವೆಲ್ಲ ನನ್ನ ಬಿಳಲುಗಳು ಅಂತ.”

“ಡ್ಯಾಡ್, ಇಟ್ಸ್ ಜಸ್ಟ್ ಅ ಪಿಕ್ಚರ್,” ಎಂದಳು ಮೇಘನಾ. ಕಣ್ಣು ಊದಿತ್ತು.

“ಪಿಕ್ಚರ್ ಅಲ್ಲಮ್ಮ, ವಂಶ. ಆ ಅಜ್ಜಿ ಬೇಕಿದ್ರೆ ಬದಲಾಯಿಸಿಕೊಳ್ಳಲಿ.”

ಇವರಿಗೂ ನಿಜ ಹೇಳಲು ಬಾಯಿ ತೆರೆದೆ. ಆದರೆ ನಿಜದಿಂದ ಇವರ ಜಾಕೀಟು ಬಿಚ್ಚಿಸಲು ಆಗುವುದಿಲ್ಲವೆಂದು ವೃತ್ತಿಯ ಅನುಭವ ಹೇಳಿತು. ಕಣ್ಣು ಮುಚ್ಚಿ ಅರ್ಧ ನಿಮಿಷ ಸುಮ್ಮನಿದ್ದೆ.

“ನಿಮ್ಮದು ಆಲ ಅಂದದ್ದು ನನ್ನ ತಪ್ಪು ಸಾರ್. ನಿಮ್ಮ ಅಂತಸ್ತಿಗೆ ಅದು ಕಡಿಮೆಯಾಯಿತು.”

ರಮೇಶಬಾಬು ಲೋಟ ಕೆಳಗಿಟ್ಟರು. “ಕಡಿಮೆ ಅಂದ್ರೆ?”

“ಆಲ ಅಡ್ಡಡ್ಡ ಬೆಳೆಯೋ ಮರ. ಮೇಲಕ್ಕೆ ಏರೋದಲ್ಲ. ನಿಮ್ಮದು ಈ ಸೀಮೆಯ ರೆಡ್‌ವುಡ್. ಅದರ ಪಕ್ಕ ಆಲ ನಿಂತರೆ ಮೊಣಕಾಲಿಗೂ ಬರಲ್ಲ.”

“ಆದರೆ ನಾವು ಮಂಡ್ಯದೋರು...”

“ವಂಶ ಎಲ್ಲಿಂದ ಬಂತು ಅನ್ನೋದು ಹಳೇ ಪದ್ಧತಿ ಸಾರ್. ಎಲ್ಲಿಗೆ ಏರಿತು ಅನ್ನೋದು ಈಗಿನದು.”

ಅವರು ಕಿಟಕಿಯಿಂದ ಕೆಳಗಿನ ಊರು ನೋಡಿದರು. “ಅಂದರೆ ಅವರದಕ್ಕಿಂತ ಎತ್ತರ?”

“ಬಹಳ ಎತ್ತರ.”

“ಬರೀರಿ.”

ಅದು ನಾನು ಬರೆದ ಕೊನೆಯ ಪತ್ರ. ‘ರೆಡ್‌ವುಡ್ ಔನ್ನತ್ಯದ, ದೀರ್ಘಾಯುಷ್ಯದ ಸಂಕೇತ.’ ಅದರ ಬೇರು ಆಳಕ್ಕೆ ಇಳಿಯುವುದಿಲ್ಲ, ಅಕ್ಕಪಕ್ಕದ ಮರಗಳ ಬೇರು ಹಿಡಿದುಕೊಂಡೇ ಅಷ್ಟೆತ್ತರ ನಿಲ್ಲುತ್ತದೆ ಎಂಬುದನ್ನು, ಎಂದಿನಂತೆ, ಕಾಗದದ ಅಳತೆಯ ಕಾರಣದಿಂದ ಬಿಟ್ಟೆ.

ಮದುವೆಯಾಯಿತು. ಮಂಟಪದ ಹಿಂದೆ ಒಂದು ಆಲ, ಒಂದು ರೆಡ್‌ವುಡ್. ಲೇಸರಿಗೆ ಕೊಡದೆ ಕುಂಚದಲ್ಲೇ ಬರೆದಿದ್ದೆ, ಗೆರೆ ತಪ್ಪಿದ ಕಡೆ ಎಲೆ ಹಾಕಿದ್ದೆ. ಗಂಗವ್ವ ಅಕ್ಕಿಕಾಳು ಹಾಕಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು.

“ಒಟ್ಟ ಎಷ್ಟು ಮನಿಗೆ ಆಲ ಕೊಟ್ಟೀರಿ? ಖರೇ ಹೇಳ್ರಿ.”

“ನಲವತ್ತರ ಹತ್ತಿರ.”

“ಈ ಹಾಲಿನಾಗ?”

ಕತ್ತು ಚಾಚಿ ನೋಡಿದೆ. ಹಸಿರು ರೇಷ್ಮೆ ಸೀರೆಯವರು, ವಿಡಿಯೋ ತೆಗೆಯುತ್ತಿದ್ದವರು, ಊಟದ ಸಾಲಿನಲ್ಲಿ ಮೊದಲು ನಿಂತವರು. “ಒಂದು ಏಳೆಂಟು ಮನೆ.”

ಅವರು ಒಬ್ಬೊಬ್ಬರನ್ನೂ ನಿಧಾನವಾಗಿ ನೋಡಿದರು. ಅಡುಗೆಮನೆಗೆ ನೀರು ಕುಡಿಯಲು ಹೋಗುವವರ ಮುಖ ಅದಲ್ಲ. “ನಮ್ಮ ಮಂದಿ ಭಾಳ ಅದಾರ ಅಂದಂಗಾತು,” ಎಂದರು. “ಪಟ್ಟಿ ಬರದು ತಂದು ಕೊಡ್ರಿ. ಸಣ್ಣ ಮೊಮ್ಮಗಗ ಹೆಣ್ಣು ನೋಡೂದೈತಿ. ಮತ್ತ ತಪ್ಪಬಾರದು.”

ಮರುವಾರ ಪಟ್ಟಿ ತೆಗೆದುಕೊಂಡು ಹೋದೆ. ಕೊಟ್ಟ ಕ್ರಮದಲ್ಲೇ ಬರೆದಿದ್ದೆ. ವೃತ್ತಿಯಲ್ಲಿ ನನಗಿದ್ದ ಪ್ರಾಮಾಣಿಕತೆ ಅಷ್ಟೇ. ಗಂಗವ್ವ ಕನ್ನಡಕ ಹಾಕಿಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟರು.

“ಇದು ನಿಮ್ಮ ಹೆಸರಲ್ಲೇನ್ರಿ?”

“ಅದು ಅಂಗಡೀಲಿ ತೋರಿಸೋಕೆ ಮಾಡಿದ ಮಾದರಿ ಅಮ್ಮ. ಲೆಕ್ಕಕ್ಕಿಲ್ಲ.”

“ಮುದ್ರಿ ಐತೋ ಇಲ್ಲೋ?”

“ಇದೆ.”

“ಹಂಗಾರ ನಮ್ಮ ಮನಿಯವರಿಗೆ ನೀ ತಮ್ಮ. ನನಗ ಮೈದುನ.” ಆ ಕ್ಷಣದಿಂದ ನನಗೆ ಬಹುವಚನ ತಪ್ಪಿತು. ಪಟ್ಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಏನೋ ಮೈದುನಾ, ಇಷ್ಟು ವರ್ಷ ಊರಿಗೆಲ್ಲ ಗಿಡ ಹಂಚಿದಿ. ಒಂದಕ್ಕರ ನೀರು ಹಾಕೀಯೇನು? ಮೊದಲ ಹೋಗಿ ಹಾಕಿ ಬಾ. ಆಮ್ಯಾಲ ರೊಟ್ಟಿ.”

ಹೊರಗೆ ಬಂದು, ಪೈಪು ಎಲ್ಲಿದೆಯಪ್ಪಾ ಎಂದು ವಿನಯನನ್ನು ಕೇಳಿದೆ.